ಕೇಬಲ್ ನನ್ನ ಕೈಯಲ್ಲಿತ್ತು

ಯಾರಾದರೂ ದೆವ್ವದ ಮಾತೋ ಪವಾಡದ ಮಾತೋ ಎತ್ತಿದರೆ ನಾನು ಮೊದಲೆಲ್ಲ ಎದ್ದು ಹೋಗುತ್ತಿದ್ದೆ. ದೂರವಾಣಿ ಇಲಾಖೆಯ ದುರಸ್ತಿ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದವನು ನಾನು. "ಸಾರ್, ನಮ್ಮ ಫೋನ್ ಎತ್ತಿದ್ರೆ ಯಾವುದೋ ಹೆಂಗಸು ಅಳ್ತಾಳೆ" ಎಂಬ ದೂರು ಬರುತ್ತಿತ್ತು. ಹೋಗಿ ನೋಡಿದರೆ ಕಂಬದ ಪೆಟ್ಟಿಗೆಗೆ ಮಳೆನೀರು ಇಳಿದು ಎರಡು ಮನೆಯ ತಂತಿಗಳು ಒಂದಕ್ಕೊಂದು ತಗುಲಿರುತ್ತಿದ್ದವು. ಅಳುತ್ತಿದ್ದವಳು ಹಿಂದಿನ ರಸ್ತೆಯ ಮನೆಯ ಸೊಸೆ. ತಂತಿ ಬಿಡಿಸಿ, ಒರೆಸಿ, ಪುಸ್ತಕದಲ್ಲಿ ಕಾರಣ ಬರೆದು ಸಹಿ ಹಾಕಿದರೆ ದೆವ್ವ ಹೋಯಿತು. ಕಾರಣವಿಲ್ಲದ ದೋಷ ಇಲ್ಲ, ಸರಿಯಾಗಿ ಹುಡುಕದ ನೌಕರ ಮಾತ್ರ ಇದ್ದಾನೆ ಎಂದು ನನ್ನ ಕೈಕೆಳಗಿನವರಿಗೆ ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ವಿಜಯನಗರದ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುಗರು ನಂಬಲೇಬೇಕೆಂಬ ಹಟ ನನಗಿಲ್ಲ. ಇದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ತಮ್ಮ ನಂಜುಂಡ ಕೆಂಗೇರಿ ಉಪನಗರದಲ್ಲಿದ್ದಾನೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ನನಗೆ ಎಷ್ಟು ಕಡಿಮೆ ಮಾತೋ ಅವನಿಗೆ ಅಷ್ಟು ಹೆಚ್ಚು. ಕಾರ್ಖಾನೆಯ ನಾಟಕ ತಂಡದಲ್ಲಿ ನಗಿಸುವ ಪಾತ್ರವೆಂದರೆ ಅವನದೇ. ಆ ವರ್ಷ ಯುಗಾದಿ ಕಳೆದ ಮೇಲೆ ಅವನಿಗೆ ಪಾರ್ಶ್ವವಾಯು ಆಯಿತು. ಕೈಕಾಲು ಮೆಲ್ಲಮೆಲ್ಲನೆ ಮರಳಿದವು, ಮಾತು ಮರಳಲಿಲ್ಲ. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಉತ್ತರ ಕೊಡಲು ಹೋದರೆ "ಅದೇ, ಅದೇ" ಎಂಬುದೊಂದೇ ಬಾಯಿಗೆ ಬರುತ್ತಿತ್ತು. ಕಾಫಿ ಬೇಕೆಂದರೂ ಅದೇ, ಬೇಡವೆಂದರೂ ಅದೇ. ಒಂದು ದಿನ ತಟ್ಟೆಯನ್ನು ಗೋಡೆಗೆ ಎಸೆದನಂತೆ. ಆಮೇಲೆ ತಾನೇ ಅಳಲು ಶುರುಮಾಡಿದನಂತೆ.

ಮಾತಿನ ಚಿಕಿತ್ಸೆಗೆಂದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಡಾಕ್ಟರಮ್ಮ ಒಂದು ಉಪಾಯ ಹೇಳಿದರು. ಅವನಿಗೆ ಬಾಯಿಪಾಠವಾಗಿದ್ದ ಮಾತು ಅಥವಾ ಹಾಡು ಯಾವುದಾದರೂ ಇದ್ದರೆ ದಿನವೂ ಒಂದೇ ಹೊತ್ತಿಗೆ ಕೇಳಿಸಿ, ಜೊತೆಯಲ್ಲಿ ಬಾಯಿ ಆಡಿಸಲಿ, ಒಂದು ದಿನವೂ ತಪ್ಪಿಸಬೇಡಿ ಎಂದರು. ನನ್ನ ಬಳಿ ಅಂಥದ್ದೊಂದು ಇತ್ತು. ಬಹಳ ಹಿಂದೆ ಅವನ ನಾಟಕವೊಂದಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ನಾನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡಿದ್ದೆ. ಅದರಲ್ಲಿ ನಂಜುಂಡ ಮದುವೆಮನೆಯ ಅಡುಗೆ ಭಟ್ಟ. ಕೊನೆಯ ದೃಶ್ಯದಲ್ಲಿ ಬೀಗರು ಜಗಳಕ್ಕೆ ಬರುತ್ತಾರೆ. ಆಗ ಅವನ ದೊಡ್ಡ ಮಾತು: "ಸಾರಿಗೆ ಉಪ್ಪು ಹೆಚ್ಚಾಯ್ತು ಅಂತೀರಲ್ಲ ಬೀಗರೇ, ಉಪ್ಪು ಹಾಕಿದ್ದು ನಾನೇ, ಒಪ್ಕೋತೀನಿ. ಆದ್ರೆ ನಾನು ಹಾಕಿದ ಮೇಲೆ ಇನ್ನೊಬ್ಬರು ಬಂದು ಒಂದು ಹಿಡಿ ಹಾಕಿ ಹೋದ್ರು. ಅವರು ಯಾರು ಅಂದ್ರೆ..." ಅಲ್ಲಿಗೆ ಕ್ಯಾಸೆಟ್ಟು ಮುಗಿಯುತ್ತದೆ. ಒಂದು ಗಂಟೆಯ ನಾಟಕ ಎಂದು ಹೇಳಿದ್ದರು, ನಾನು ಒಂದು ಗಂಟೆಯ ಕ್ಯಾಸೆಟ್ಟು ಮಾತ್ರ ತೆಗೆದುಕೊಂಡು ಹೋಗಿದ್ದೆ. ಉಪ್ಪು ಹಾಕಿದವರು ಯಾರೆಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ನಾನು ಅಲ್ಲೇ ಕೂತಿದ್ದರೂ ಟೇಪ್ ನಿಂತದ್ದಕ್ಕೆ ಸಿಡುಕುತ್ತ ಮುಂದಿನದನ್ನು ಗಮನಿಸಿರಲಿಲ್ಲ.

ನಿವೃತ್ತನಾದ ಮೇಲೆ ಮನೆಯ ಕ್ಯಾಸೆಟ್ಟು, ಫೋಟೋ, ಮದುವೆ ವಿಡಿಯೋಗಳನ್ನೆಲ್ಲ ಮಗಳ ಹಳೆಯ ಕಂಪ್ಯೂಟರಿಗೆ ತುಂಬಿಸಿ ಅದನ್ನೊಂದು ಮೀಡಿಯಾ ಸರ್ವರ್ ಮಾಡಿಟ್ಟಿದ್ದೆ. ಅದು ನಮ್ಮ ಹಜಾರದ ಕಪಾಟಿನಲ್ಲಿ ಹಗಲೂ ರಾತ್ರಿ ಓಡುತ್ತದೆ. ಇಂಟರ್ನೆಟ್ ಮೂಲಕ ನೆಂಟರು ತಮ್ಮ ತಮ್ಮ ಟಿವಿಯಲ್ಲೇ ಬೇಕಾದದ್ದನ್ನು ತೆರೆದು ನೋಡಬಹುದು. ನಂಜುಂಡನ ಹೆಂಡತಿ ವಿಮಲಾ ದಿನವೂ ಸಂಜೆ ನಾಲ್ಕಕ್ಕೆ ಟಿವಿಯಲ್ಲಿ ಆ ದೃಶ್ಯ ಹಾಕುತ್ತಿದ್ದಳು. ಐದನೆಯ ವಾರ ಟೇಪಿನ ಜೊತೆಜೊತೆಗೇ ನಂಜುಂಡ "ಉಪ್ಪು" ಎಂದ. ವಿಮಲಾ ಅಳುತ್ತ ಫೋನ್ ಮಾಡಿದಳು. ನನ್ನ ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಇಂಥ ಹೊತ್ತಿನಲ್ಲಿ ನಾನು ಇಂಟರ್ನೆಟ್ ಬದಲಾಯಿಸಿದೆ. ಹಳೆಯದರ ಅವಧಿ ಮುಗಿಯುತ್ತಿತ್ತು, ಹೊಸದು ಹೆಚ್ಚು ವೇಗದ್ದು. ನನ್ನ ಪಟ್ಟಿಯಲ್ಲಿ ಆ ವಾರಕ್ಕೆ ಬರೆದಿಟ್ಟ ಕೆಲಸ, ಮಾಡಿ ಮುಗಿಸಿದೆ. ಗುರುವಾರ ಸಂಜೆ ವಿಮಲಾಳ ಟಿವಿಯಲ್ಲಿ ಸರ್ವರ್ ಸಿಗುತ್ತಿಲ್ಲ ಎಂದು ಬಂತು. ಶುಕ್ರವಾರವೂ ಅಷ್ಟೆ, ಶನಿವಾರವೂ ಅಷ್ಟೆ. ನಂಜುಂಡ ನಾಲ್ಕಕ್ಕೆ ಸರಿಯಾಗಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದ, ಕತ್ತಲಾದರೂ ಏಳುತ್ತಿರಲಿಲ್ಲ. ಶನಿವಾರ ರಾತ್ರಿ ಊಟ ಬಿಟ್ಟ. ಸೋಮವಾರ ಡಾಕ್ಟರಮ್ಮ ಬರುವವರಿದ್ದರು. ಸುಧಾರಣೆ ಕಾಣದಿದ್ದರೆ ಈ ಸಮಯವನ್ನು ಬೇರೆ ರೋಗಿಗೆ ಕೊಡಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು.

ಭಾನುವಾರ ಐದಕ್ಕೆ ಎದ್ದು, ಸ್ನಾನ, ಸಂಧ್ಯಾವಂದನೆ ಮುಗಿಸಿ, ಆರೂವರೆಗೆ ನೋಟ್‌ಬುಕ್ ಹಿಡಿದು ಕೂತೆ. ನಮ್ಮ ಕಾಲದ ಕ್ರಮ ಒಂದೇ. ದಾರಿಯನ್ನು ಅರ್ಧ ಮಾಡು, ದೋಷ ಯಾವ ಅರ್ಧದಲ್ಲಿದೆ ನೋಡು, ಆ ಅರ್ಧವನ್ನು ಮತ್ತೆ ಅರ್ಧ ಮಾಡು. ಮನೆಯೊಳಗಿನಿಂದ ನನ್ನ ಮೊಬೈಲಿನಲ್ಲಿ ತೆರೆದರೆ ನಾಟಕ ಚೆನ್ನಾಗಿ ಕೇಳಿಸಿತು. ವೈಫೈ ಆರಿಸಿ, ಹೊರಗಿನವನಂತೆ ತೆರೆದರೆ ಇಲ್ಲ. ಹಾಗಾದರೆ ಸರ್ವರ್ ಸರಿಯಿದೆ, ಹೊರಗಿನಿಂದ ಬರುವ ದಾರಿ ಮುಚ್ಚಿದೆ. ಹೊಸ ಕಂಪನಿ ಕೊಟ್ಟ ಇಂಟರ್ನೆಟ್ ಪೆಟ್ಟಿಗೆ, ಅಂದರೆ ರೂಟರು, ಸರ್ವರಿಗೆ ಬೇರೆ ನಂಬರು ಕೊಟ್ಟಿತ್ತು. ಹಳೆಯ ನಂಬರಿಗೆ ತಂದೆ. ಆಗಲಿಲ್ಲ. ಹೊರಗಿನಿಂದ ಬಂದವರನ್ನು ಸರ್ವರಿನ ಕಡೆ ಕಳಿಸು ಎಂದು ರೂಟರಿಗೆ ಹೇಳುವ ಜಾಗವೊಂದಿದೆ, ಅಲ್ಲಿ ಅಳಿಸಿ ಮತ್ತೆ ಬರೆದೆ. ಆಗಲಿಲ್ಲ. ಎದ್ದು ಓಡಾಡಿದೆ, ಕೂತೆ, ಮತ್ತೆ ಎದ್ದೆ. ಹತ್ತಕ್ಕೆ ಕುಡಿಯಬೇಕಾದ ಕಾಫಿ ಹನ್ನೊಂದಾದರೂ ಮೇಜಿನ ಮೇಲೇ ಇತ್ತು. ನನ್ನ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

"ರೀ, ಪೆನ್ ಡ್ರೈವ್‌ಗೆ ಹಾಕ್ಕೊಂಡು ಮೆಟ್ರೋ ಹತ್ತಬಾರ್ದಾ? ಅರ್ಧ ಗಂಟೆ ದಾರಿ. ನಿಮ್ಮ ಶಿಸ್ತಿಗೋಸ್ಕರ ನಂಜುಂಡ ಉಪವಾಸ ಕೂರ್ಬೇಕಾ?" ಎಂದಳು ನನ್ನ ಹೆಂಡತಿ.

ಅವಳು ಹೇಳಿದ್ದು ಸರಿ. ಆದರೆ ದೋಷ ಹುಡುಕದೆ ಪಕ್ಕದ ದಾರಿ ಹಿಡಿಯುವುದು ನನ್ನ ಕೈಯಲ್ಲಿ ಆಗದ ಕೆಲಸ. ಇನ್ನೊಂದು ಗಂಟೆ ಎಂದೆ. ಹಾಗೆ ಮೂರು ಸಲ ಎಂದೆ.

ಮಧ್ಯಾಹ್ನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಾಗ ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಸಿಕ್ಕಳು. ನಾನು ಬರೆದುಕೊಂಡದ್ದನ್ನು ಪೂರ್ತಿ ಓದಿ ಹೇಳಲು ಬಿಟ್ಟಳು, ಅದೇ ದೊಡ್ಡದು. ಆಮೇಲೆ, "ಎಷ್ಟ್ ಛಲೋ ಬರ್ಕೊಂಡೀರಿ ಸರ, ನಮ್ಮ ಮಂದಿನೂ ಹಿಂಗ ಬರ್ಯಂಗಿಲ್ರಿ. ಆದ್ರ ನಿಮ್ಮ ಪ್ಲಾನ್ನ್ಯಾಗ ಹೊರಗಿಂದ ಒಳಗ ಬರಾಕ ದಾರಿನ ಇಲ್ರಿ. ಇಂಟರ್ನೆಟ್ಟಿಂದು ಒಂದ ವಿಳಾಸ ಭಾಳ ಮನಿಗೆ ಹಂಚಿರ್ತಾರ. ನಿಮಗಂತ ಬ್ಯಾರೆ ವಿಳಾಸ ಕೇಳಿ ಹಾಕ್ತೀನ್ರಿ, ಆದ ಕೂಡ್ಲೆ ಮೆಸೇಜ್ ಬರತೈತಿ" ಎಂದಳು. ಎಷ್ಟು ಹೊತ್ತಾಗಬಹುದಮ್ಮ ಎಂದೆ. "ಇವತ್ತ ಆಗಬಹುದ್ರಿ, ನಾಳೆನೂ ಆಗಬಹುದ್ರಿ" ಎಂದಳು.

ಮೂರೂಮುಕ್ಕಾಲಾದರೂ ಮೆಸೇಜ್ ಬರಲಿಲ್ಲ. ನನಗೆ ಸುಮ್ಮನೆ ಕೂರಲಾಗಲಿಲ್ಲ. ಕಾಯುವ ಹೊತ್ತಿನಲ್ಲಿ ಹಳೆಯ ಕೇಬಲ್ಲನ್ನಾದರೂ ಬದಲಾಯಿಸೋಣ, ಯಂತ್ರದ ಧೂಳನ್ನಾದರೂ ಒರೆಸೋಣ ಎಂದುಕೊಂಡೆ. ಸರ್ವರನ್ನು ಕ್ರಮವಾಗಿ ಆರಿಸಿ, ಗೋಡೆಯ ಸ್ವಿಚ್ಚೂ ಆರಿಸಿ, ನೆಟ್‌ವರ್ಕ್ ಕೇಬಲ್ ಕಿತ್ತು ಕೈಯಲ್ಲಿ ಹಿಡಿದೆ. ನೋಟ್‌ಬುಕ್ಕಿನಲ್ಲಿ ಸಮಯವನ್ನೂ ಬರೆದೆ: ೩.೫೨. ಆ ಪುಟ ಇನ್ನೂ ನನ್ನ ಬಳಿ ಇದೆ.

ನಾಲ್ಕು ಗಂಟೆ ಆರು ನಿಮಿಷಕ್ಕೆ ವಿಮಲಾಳ ಫೋನ್ ಬಂತು.

"ಭಾವ, ಬಂತು! ಬಂತು ಭಾವ! ಈಗ ನೀವು ಏನೂ ಮುಟ್ಬೇಡಿ, ಹೇಗಿದ್ಯೋ ಹಾಗೇ ಇರ್ಲಿ!"

ನಾನು ಕೇಬಲ್ ನೋಡಿದೆ. ಯಂತ್ರ ನೋಡಿದೆ. ಅದರ ದೀಪ ಆರಿತ್ತು. ಏನು ಬಂತಮ್ಮ ಎಂದೆ. "ನೀವೇ ಕೇಳಿ" ಎಂದು ಫೋನನ್ನು ಅತ್ತ ಹಿಡಿದಳು. ಕೇಳಿಸಿತು. ಬೀಗರ ಗಲಾಟೆ ನಡೆಯುತ್ತಿತ್ತು. ಆಮೇಲೆ ನಂಜುಂಡನ ಮಾತು ಶುರುವಾಯಿತು. ಸಾರು, ಉಪ್ಪು, ಒಪ್ಕೋತೀನಿ, ಒಂದು ಹಿಡಿ. ಒಂದೊಂದು ಪದವೂ ನನಗೆ ಗೊತ್ತಿದ್ದದ್ದು. "ಅವರು ಯಾರು ಅಂದ್ರೆ" ಎಂಬಲ್ಲಿಗೆ ಬಂತು. ಇಲ್ಲಿ ಮುಗಿಯುತ್ತದೆ ಎಂದು ನಾನು ಉಸಿರು ಬಿಟ್ಟೆ.

ಮುಗಿಯಲಿಲ್ಲ.

"ಅವರು ಯಾರು ಅಂದ್ರೆ... ಹೇಳ್ತೀನಿ, ಇರಿ ಬೀಗರೇ, ಎಲ್ಲಿಗೆ ಓಡಿಹೋಗ್ತೀನಿ ನಾನು? ಮೊದಲು ಒಂದು ಲೋಟ ನೀರು ಕೊಡಿ. ನಾನು ಮಾಡಿದ ಸಾರು ಕುಡಿದು ನನ್ನ ಗಂಟಲೇ ಒಣಗಿದೆ."

ಧ್ವನಿ ನಂಜುಂಡನದು. ಅದರಲ್ಲಿ ಅನುಮಾನವಿಲ್ಲ. ಆದರೆ ನಾಟಕ ಆಡುತ್ತಿದ್ದ ಕಾಲದ ನಂಜುಂಡನದೋ, ಕುರ್ಚಿಯಲ್ಲಿ ಕೂತಿದ್ದ ನಂಜುಂಡನದೋ, ಫೋನಿನಲ್ಲಿ ಹೇಳಲಾಗಲಿಲ್ಲ. ಆ ಮಾತಿಗೆ ಜನ ನಕ್ಕ ಸದ್ದು ಕೇಳಿಸಿತೇ ಎಂದು ಆಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೇಳಿಸಿತೆಂದೂ ಹೇಳಲಾರೆ, ಇಲ್ಲವೆಂದೂ ಹೇಳಲಾರೆ.

ಆಗ ನಾನು ಮಾಡಿದ್ದನ್ನು ಹೆದರಿಕೆಯಿಂದ ಮಾಡಿದೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ನಮ್ಮ ಕೆಲಸದಲ್ಲಿ ಒಂದು ನಿಯಮವಿತ್ತು. ಸತ್ತ ಲೈನಿಗಿಂತ ಕಾರಣವಿಲ್ಲದೆ ಮಾತಾಡುವ ಲೈನು ಅಪಾಯ. ಅದನ್ನು ಹಾಗೆಯೇ ಬಿಟ್ಟು ಬರಬಾರದು, ಸರಿಯಾದ ದಾರಿಗೆ ತಂದೇ ಬರಬೇಕು. ನನ್ನ ಕೈಗೆ ಅದು ಅಭ್ಯಾಸವಾಗಿ ಹೋಗಿತ್ತು. ವಿಮಲಾ ಮುಟ್ಟಬೇಡಿ ಎಂದದ್ದು ಕಿವಿಯಲ್ಲಿ ಇರುವಾಗಲೇ ನಾನು ಕೇಬಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ, ಗೋಡೆಯ ಸ್ವಿಚ್ ಹಾಕಿ, ಗುಂಡಿ ಒತ್ತಿದೆ. ಯಂತ್ರದ ಫ್ಯಾನ್ ಗುಂಯ್ ಎಂದಿತು.

ಫೋನಿನಲ್ಲಿ ಎಲ್ಲ ನಿಂತುಹೋಯಿತು.

ವಿಮಲಾ, "ಹೋಯ್ತು ಭಾವ. ನೀವೇನಾದ್ರೂ ಮುಟ್ಟಿದ್ರಾ?" ಎಂದಳು.

ಇಲ್ಲಮ್ಮ ಎಂದೆ.

ಆರೂಕಾಲಿಗೆ ಕಂಪನಿಯ ಮೆಸೇಜ್ ಬಂತು. ಹೊಸ ವಿಳಾಸ ಸಿಕ್ಕಿತ್ತು. ಅದನ್ನು ಸೆಟ್ಟಿಂಗಿನಲ್ಲಿ ಬರೆದ ಕೂಡಲೇ ಕೆಂಗೇರಿಯ ಟಿವಿಯಲ್ಲಿ ಸರ್ವರ್ ತೆರೆಯಿತು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ತಾನಾಗಿ ಕೈಕೊಟ್ಟಿಲ್ಲ.

ಮರುದಿನ ಬೆಳಿಗ್ಗೆಯೇ ಮೆಟ್ರೋ ಹತ್ತಿ ಹೋಗಿ ವಿಚಾರಿಸಿದೆ. ತಾನು ಎಂದಿನಂತೆ ನಾಲ್ಕಕ್ಕೆ ಟಿವಿ ಹಾಕಿ ಅಡುಗೆಮನೆಗೆ ಹೋಗಿದ್ದೆ, ಮಾತು ಕೇಳಿಸಿದ ಕೂಡಲೇ ಬಾಗಿಲಲ್ಲಿ ನಿಂತು ಫೋನ್ ಮಾಡಿದೆ ಎಂದಳು ವಿಮಲಾ. ಟಿವಿಯ ಮೇಲೆ ಏನಿತ್ತೆಂದು ಅವಳು ನೋಡಿರಲಿಲ್ಲ. ನಂಜುಂಡ ಅವಳಿಗೆ ಬೆನ್ನು ಮಾಡಿ ಟಿವಿಯ ಎದುರು ಕೂತಿದ್ದ. ಅವನ ಬಾಯಿ ಆಡಿದ್ದನ್ನು ಅವಳು ಕಂಡಿಲ್ಲ. ಅವನನ್ನೇ ಕೇಳಿದೆ. ನನ್ನ ಮುಖ ನೋಡಿ "ಅದೇ" ಎಂದ.

ತಿಳಿದವರನ್ನು ಕೇಳಿದೆ. ಟಿವಿಯೇ ಸ್ವಲ್ಪ ಭಾಗವನ್ನು ನೆನಪಿಟ್ಟುಕೊಂಡಿರಬಹುದು ಎಂದರು. ಇರಬಹುದು. ಆದರೆ ಟೇಪಿನಲ್ಲೇ ಇಲ್ಲದ ಮಾತನ್ನು ಅದು ಎಲ್ಲಿಂದ ತಂದು ನೆನಪಿಟ್ಟುಕೊಂಡಿತು? ಸರ್ವರಿನ ದಾಖಲೆ ತೆಗೆದು ನೋಡಿದೆ. ೩.೫೨ಕ್ಕೆ ಆರಿಸಿದ್ದರ ಮುಂದಿನ ಸಾಲು ನಾನು ಗುಂಡಿ ಒತ್ತಿದ್ದು, ನಡುವೆ ಏನೂ ಇಲ್ಲ. ಬೀಗರ ಪಾತ್ರ ಮಾಡಿದ್ದವರೊಬ್ಬರು ಚಂದ್ರಾ ಲೇಔಟಿನಲ್ಲಿದ್ದಾರೆಂದು ತಿಳಿದು ಅಲ್ಲಿಗೂ ಹೋದೆ. ನೀರಿನ ಮಾತು ಹೇಳಿದೊಡನೆ ಅವರು ಜೋರಾಗಿ ನಕ್ಕರು. "ಅದು ಬರೆದಿದ್ದ ಮಾತಲ್ಲ ಸಾರ್, ಸ್ಟೇಜ್ ಮೇಲೆ ತಾನೇ ಸೇರಿಸ್ತಿದ್ದ ಕಳ್ಳ. ನಿಜವಾಗ್ಲೂ ನೀರು ತಂದು ಕೊಡೋವರೆಗೂ ಮುಂದಕ್ಕೆ ಹೋಗ್ತಿರ್ಲಿಲ್ಲ!" ಎಂದರು. ಉಪ್ಪು ಹಾಕಿದವರು ಯಾರೆಂದು ಅವರಿಗೂ ನೆನಪಿರಲಿಲ್ಲ. ಹಾಗಾದರೆ ಅಂದು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಿವಿಯೇ ಅದನ್ನು ಇಷ್ಟು ವರ್ಷ ಇಟ್ಟುಕೊಂಡಿತ್ತೇ? ಆದರೆ ಆ ಮಾತು ವಿಮಲಾಳಿಗೂ ಕೇಳಿಸಿದೆ. ಆ ನಾಟಕ ಆಡಿದಾಗ ಅವಳು ನಮ್ಮ ಮನೆಗೆ ಇನ್ನೂ ಬಂದೇ ಇರಲಿಲ್ಲ.

ಡಾಕ್ಟರಮ್ಮ ಸೋಮವಾರ ಬಂದಾಗ ನಂಜುಂಡ "ಉಪ್ಪು" ಎಂದು ತೋರಿಸಿದ. ಚಿಕಿತ್ಸೆ ಮುಂದುವರಿಯಿತು. ಈಗ ಅವನಿಗೆ ಹತ್ತಿಪ್ಪತ್ತು ಪದಗಳಿವೆ. ಒಂದರ ಜೊತೆ ಇನ್ನೊಂದನ್ನು ಸೇರಿಸಿ ಒಂದು ವಾಕ್ಯ ಇದುವರೆಗೆ ಬಂದಿಲ್ಲ.

ಆಮೇಲೆ ಯಾರಿಗೂ ಹೇಳದೆ ನಾನು ನಾಲ್ಕೈದು ಭಾನುವಾರ ೩.೫೨ಕ್ಕೆ ಯಂತ್ರ ಆರಿಸಿ, ಕೇಬಲ್ ಕಿತ್ತು ನಿಂತು ನೋಡಿದ್ದೇನೆ. ವಿಮಲಾಳ ಫೋನ್ ಬರುತ್ತಿತ್ತು. ಭಾವ, ಇವತ್ತು ಯಾಕೋ ಬರ್ತಾ ಇಲ್ಲ ಎನ್ನುತ್ತಿದ್ದಳು. ಕರೆಂಟ್ ಹೋಗಿತ್ತು ಎಂದು ಹೇಳಿ ಮತ್ತೆ ಸಿಕ್ಕಿಸುತ್ತಿದ್ದೆ.

ಈ ಪತ್ರಿಕೆ ಅವಳ ಮನೆಗೂ ಬರುತ್ತದೆ. ನಂಜುಂಡನಿಗೆ ಗಟ್ಟಿಯಾಗಿ ಓದಿ ಹೇಳುವವಳು ಅವಳೇ. ಆದ್ದರಿಂದ ಅಂದು ಹೇಳದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ವಿಮಲಾ, ಅಂದು ಮುಟ್ಟಿದ್ದು ನಾನೇ. ನಾನು ನಿಲ್ಲಿಸಿದ್ದು ಟಿವಿಯಲ್ಲಿ ಬರುತ್ತಿದ್ದ ಮಾತನ್ನೋ, ನಂಜುಂಡನ ಬಾಯಿಂದ ಬರುತ್ತಿದ್ದ ಮಾತನ್ನೋ, ನನಗೆ ಇಂದಿಗೂ ಗೊತ್ತಿಲ್ಲಮ್ಮ.