ಪಟ್ಟಿಯಲ್ಲಿದ್ದ ನಾಲ್ಕು ತಗಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಬಸ್ ಸ್ಟ್ಯಾಂಡ್ ಪಕ್ಕ ಬಾಡಿಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಆ ಗಾದೆಗೆ ಇನ್ನೊಂದು ಸಾಲು ಸೇರುತ್ತಿತ್ತು. ಹಿರಿಯೂರು ಬಸ್ ಸ್ಟ್ಯಾಂಡ್ ಸುತ್ತ ನಾನು ಹನ್ನೊಂದು ಮನೆ ನೋಡಿದೆ. ಒಂದರಲ್ಲಿ ನೀರಿಲ್ಲ. ಒಂದರಲ್ಲಿ ಕಿಟಕಿ ತೆರೆದರೆ ಬಸ್ಸಿನ ಹೊಗೆ ನೇರ ಅನ್ನದ ಪಾತ್ರೆಗೆ. ಇನ್ನೊಂದರ ಮಾಲೀಕರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಯಾವ ಜನ ನೀವು? ಬಾಡು ಬೇಯಿಸ್ತೀರಾ?" ಎಂದು ಕೇಳಿದರು. ಕುರಿ ಸಾಕುವ ಮನೆಯವಳು ನಾನು, ಬೇಯಿಸದೆ ಇರುತ್ತೇನೆಯೇ? "ಬೇಯಿಸ್ತೀವಿ, ನಿಮಗೂ ಒಂದು ಬಟ್ಲು ಕಳಿಸ್ತೀವಿ" ಎಂದೆ. ಅವರು ಬಾಗಿಲು ಹಾಕಿಕೊಂಡರು.

ಕೊನೆಗೆ ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಬರಿಯ ತಾರಸಿ. ಬಾಡಿಗೆ ಏಳು ಸಾವಿರ, ಮುಂಗಡ ಐವತ್ತು ಸಾವಿರ. ಎರಡು ಬೀದಿ ಆಚೆ ಹೋದರೆ ಇಂಥದ್ದೇ ಮನೆ ಐದಕ್ಕೆ ಸಿಗುತ್ತಿತ್ತು. "ನಿಮಗೆ ಅಲಾರಾಂ ಬೇಕಾಗಲ್ಲ ಕಣಮ್ಮ, ಬೆಳಿಗ್ಗೆ ಐದಕ್ಕೆ ಬೆಂಗ್ಳೂರು ಬಸ್ಸಿನೋರು ಕೂಗಿ ಎಬ್ಬಿಸ್ತಾರೆ" ಎಂದು ಮಾಲೀಕರು ಆ ಗದ್ದಲಕ್ಕೂ ಸೇರಿಸಿ ಬಾಡಿಗೆ ಹೇಳಿದರು. ನಾನು ಚೌಕಾಸಿ ಮಾಡಲಿಲ್ಲ. ನನಗೆ ಆತುರವಿತ್ತು.

ಆ ಆತುರ ಏನೆಂದು ಹೇಳಿಬಿಡುತ್ತೇನೆ. ನಮ್ಮದು ಮತ್ತೋಡಿನ ಹತ್ತಿರದ ಒಂದು ಹಟ್ಟಿ. ಅಲ್ಲಿ ಮುಟ್ಟಾದ ಹೆಂಗಸು ಮನೆಯೊಳಗೆ ಇರುವಂತಿಲ್ಲ. ಹಟ್ಟಿಯ ಅಂಚಿನಲ್ಲಿ ಒಂದು ಗುಡಿಸಲು ಇದೆ, ಮೂರು ದಿನ ಅಲ್ಲಿಗೆ ಹೋಗಿ ಕೂರಬೇಕು. ಮೊದಲ ಸಲವಾದರೆ ವಾರಗಟ್ಟಲೆ. ಬಾಗಿಲು ಎಷ್ಟು ಗಿಡ್ಡವೆಂದರೆ ಅಂಬೆಗಾಲಿಟ್ಟು ನುಗ್ಗಬೇಕು. ಮಳೆ ಬಂದರೆ ನೆಲದಿಂದ ನೀರು ಜಿನುಗುತ್ತದೆ, ಬಿಸಿಲು ಬಂದರೆ ಒಳಗೆ ಉಸಿರು ಕಟ್ಟುತ್ತದೆ. ಊಟವನ್ನು ದೂರದಿಂದ ತಟ್ಟೆಗೆ ಬಡಿಸಿ ಹೋಗುತ್ತಾರೆ. ನಾನು ತವರಿನಲ್ಲಿ ಕೂತೆ, ಮದುವೆಯಾದ ಮೇಲೆ ಇಲ್ಲಿ ಹದಿನಾಲ್ಕು ವರ್ಷ ಕೂತೆ. ನಾನು ಶಾಲೆಯ ಮೇಡಂ. ಏಳನೇ ತರಗತಿಯ ಹೆಣ್ಣುಮಕ್ಕಳಿಗೆ ಇದು ಸಹಜ ಕ್ರಿಯೆ, ನಾಚಿಕೆ ಪಡಬೇಡಿ ಎಂದು ಪಾಠ ಮಾಡಿ, ಸಂಜೆ ಬಂದು ಅದೇ ಗುಡಿಸಲಿಗೆ ನುಗ್ಗಿದವಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ನನ್ನ ಪಾಡು ಹೇಗೋ ಕಳೆಯಿತು. ಆದರೆ ಮಗಳಿಗೆ ಹನ್ನೆರಡು ತುಂಬಿತ್ತು. ಇವತ್ತೋ ನಾಳೆಯೋ ದೊಡ್ಡವಳಾಗುವ ವಯಸ್ಸು. ಅಷ್ಟರೊಳಗೆ ಅವಳನ್ನು ಹಟ್ಟಿಯಿಂದ ಹೊರಗೆ ತರಬೇಕು, ಅವಳು ಆ ಗುಡಿಸಲಿನ ಹೊಸಿಲು ತುಳಿಯಬಾರದು. ನನಗಿದ್ದದ್ದು ಇದೊಂದೇ ಹಟ. ಅದಕ್ಕಾಗಿಯೇ ಐಮಂಗಲದ ಕಡೆಯ ಶಾಲೆಗೆ ವರ್ಗ ಕೇಳಿದೆ, ಅದಕ್ಕಾಗಿಯೇ ಹಿರಿಯೂರಿನಲ್ಲಿ ಮನೆ ಹುಡುಕಿದೆ. ಆದರೆ ಮನೆಯಲ್ಲಿ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. "ಬಸ್ಸಿಗೆ ಅನುಕೂಲ, ಮಗಳ ಸ್ಕೂಲಿಗೂ ಹತ್ರ" ಎಂದಷ್ಟೇ ಗಂಡನಿಗೆ ಹೇಳಿದೆ. ಜಗಳ ತಪ್ಪಿಸಿದೆ ಎಂದು ಒಳಗೊಳಗೇ ಬೀಗಿದೆ. ನನ್ನಂಥ ಜಾಣೆ ಇಲ್ಲ ಅಂದುಕೊಂಡಿದ್ದೆ!

ಹಳೆಯ ಪಾಠ ಟಿಪ್ಪಣಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪಟ್ಟಿ ಮಾಡಿದೆ. ಮುಂಗಡ, ಮೊದಲ ತಿಂಗಳ ಬಾಡಿಗೆ, ಟೆಂಪೋ, ಸಾಮಾನು ಏರಿಸುವವರ ಕೂಲಿ, ಗ್ಯಾಸ್ ಬದಲಾವಣೆ, ನೀರಿನ ಡ್ರಮ್ಮು. ಗಂಡನಿಗೆ ಕುರಿ ವ್ಯಾಪಾರ. ಸಂತೆಯಲ್ಲಿ ಮರಿಯ ಬೆನ್ನು ಹಿಡಿದು ತೂಕ ಹೇಳುವ ಮನುಷ್ಯ, ಲೆಕ್ಕದಲ್ಲಿ ನನಗಿಂತ ಚುರುಕು. ಅವನೂ ಪೆನ್ಸಿಲ್ಲಿನಲ್ಲಿ ನಾಲ್ಕಾರು ಸಾಲು ಸೇರಿಸಿದ. ಹಗ್ಗ, ಗಳ, ಹಳೆ ಕಂಬಳಿ, ತಗಡು ನಾಲ್ಕು. ತಗಡು ತಾರಸಿಯ ನೀರಿನ ಟ್ಯಾಂಕಿಗೆ ನೆರಳು ಮಾಡಲು ಇರಬೇಕು ಎಂದುಕೊಂಡು ನಾನು ಕೇಳಲೇ ಇಲ್ಲ.

ಮನೆ ಸಾಗಿಸುವುದು ಅವನ ಕಡೆಯವರಿಗೆ ಹೊಸದಲ್ಲ. ಕೊಯ್ಲು ಮುಗಿದ ಮೇಲೆ ಕುರಿ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗಿ, ಹೊಲಹೊಲದಲ್ಲಿ ರಾತ್ರಿಗೆ ಮಂದೆ ತರುಬಿ ನಿಲ್ಲಿಸುತ್ತಾ ತಿಂಗಳುಗಟ್ಟಲೆ ತಿರುಗಿದ ಜನ. ಅತ್ತೆ ನನ್ನ ಪಟ್ಟಿಯನ್ನು ಮಗನ ಬಾಯಿಂದ ಓದಿಸಿಕೊಂಡು ನಕ್ಕರು. "ನಿಮ್ಮಾವ ಒಂದು ಕತ್ತೆ ಮ್ಯಾಲೆ ಇಡೀ ಸಂಸಾರ ಹೇರ್ತಿದ್ರು ಕಣೇ. ನಿನಗೆ ಟೆಂಪೋ ಸಾಲ್ದು ಅಂತೀಯಲ್ಲೇ?" ನಾನೂ ನಕ್ಕೆ. ಆ ಕತ್ತೆಯ ಮೇಲೆ ಫ್ರಿಜ್ಜು ಕೂರುತ್ತಿತ್ತೇ ಎಂದು ಕೇಳಿದೆ.

ಆಷಾಢ ಹುಟ್ಟುವ ಮೊದಲು ಹೋಗಬೇಕೆಂದು ಎಲ್ಲರೂ ಅದೇ ವಾರ ಮನೆ ಬದಲಿಸುತ್ತಾರೆ. ಟೆಂಪೋದವನು ಒಂದೂವರೆಪಟ್ಟು ಕೇಳಿದ. "ನಮಗೂ ಇದೇ ಸುಗ್ಗಿ ಮೇಡಂ" ಎಂದ. ಕೊಟ್ಟೆ. ಹೊಸದುರ್ಗದಿಂದ ಬರುವ ದಾರಿಯುದ್ದಕ್ಕೂ ಮಗಳು ನನ್ನ ಪಕ್ಕ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಹಾಲು ಉಕ್ಕಿಸುವುದಕ್ಕೆಂದು ಅತ್ತೆಯೂ ಬಂದಿದ್ದರು. ಗೆದ್ದೆ ಎಂದು ನನಗೆ ಎದೆ ಹಗುರವಾಗಿತ್ತು.

ಟೆಂಪೋ ನಿಂತ ಕೂಡಲೇ ಗಂಡ ಮೊದಲು ಇಳಿಸಿದ್ದು ಗ್ಯಾಸ್ ಸ್ಟೋವನ್ನಲ್ಲ, ದೇವರ ಪಟವನ್ನೂ ಅಲ್ಲ. ನಾಲ್ಕು ತಗಡು, ಎರಡು ಗಳ ಮತ್ತು ಬೇರೆಯಾಗಿ ಕಟ್ಟಿದ್ದ ಒಂದು ಗಂಟು. ಅವನ್ನೆಲ್ಲ ಹೊತ್ತುಕೊಂಡು ಸೀದಾ ತಾರಸಿಗೆ ಹೋದ. ನಾನು ಹಿಂದೆಯೇ ಹೋದೆ. ಅವನು ಮೂಲೆಯಲ್ಲಿ ತಗಡು ಒರಗಿಸಿ, ಅಳತೆ ನೋಡುತ್ತಿದ್ದ. ಗಂಟನ್ನು ಬಿಚ್ಚಿದೆ. ಒಂದು ಕಂಬಳಿ, ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಹಟ್ಟಿಯ ಗುಡಿಸಲಿನಲ್ಲಿ ನಾನು ಹದಿನಾಲ್ಕು ವರ್ಷ ಉಂಡ ತಟ್ಟೆ.

"ಇದೇನು?" ಎಂದೆ.

"ಹೊರಗಿನ ಗಂಟು" ಎಂದ, ದಿನವೂ ಕೇಳುವ ಪ್ರಶ್ನೆಗೆ ಉತ್ತರ ಕೊಟ್ಟಂತೆ. "ನಾವು ಎಲ್ಲಿಗೆ ಬಿಡಾರ ಕಿತ್ರೂ ಮೊದ್ಲು ಕುರಿಗೆ ಜಾಗ, ಆಮೇಲೆ ಹೊರಗಾದೋರಿಗೆ ಜಾಗ, ಆಮೇಲೆ ಒಲೆ. ಮಗಳು ನಾಳೆ ದೊಡ್ಡೋಳಾದ್ರೆ ಎಲ್ಲಿ ಕೂರುಸ್ತೀಯ? ಈ ಊರಾಗೆ ಗುಡ್ಲು ಐತಾ?"

ಅವನ ಮುಖದಲ್ಲಿ ಕೆಟ್ಟತನವಿರಲಿಲ್ಲ. ಅದೇ ನನ್ನ ಮೈ ಉರಿಸಿತು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಇವನು ಮಗಳಿಗೆ ಮಳೆ ಬೀಳದಿರಲಿ ಎಂದು ರಂಧ್ರವಿಲ್ಲದ ತಗಡು ಆರಿಸಿ ತಂದಿದ್ದ. ತಾರಸಿಯಿಂದ ನೋಡಿದರೆ ಎದುರಿಗೇ ಇಡೀ ಬಸ್ ಸ್ಟ್ಯಾಂಡ್. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ಎಂದು ಕೂಗುವ ಕಂಡಕ್ಟರುಗಳು, ಕಡಲೆಕಾಯಿ ಮಾರುವವರು, ಕಾಯುತ್ತಾ ಮೇಲೆ ಕೆಳಗೆ ನೋಡುವ ನೂರಾರು ಜನ. ಹಟ್ಟಿಯಲ್ಲಾದರೆ ನಾಲ್ಕು ಜಾಲಿ ಮರದ ಮರೆ ಇತ್ತು. ಇಲ್ಲಿ ನನ್ನ ಮಗಳನ್ನು ಊರಿಗೆಲ್ಲ ಕಾಣುವಂತೆ ತಾರಸಿಯ ಮೇಲೆ ಕೂರಿಸಲು ಹೊರಟಿದ್ದಾರೆ. ಅದಕ್ಕೆ ನಾನು ತಿಂಗಳಿಗೆ ಎರಡು ಸಾವಿರ ಹೆಚ್ಚು ಕೊಟ್ಟಿದ್ದೇನೆ!

ನಾನು ಕೂಗಿದೆ. ಹದಿನಾಲ್ಕು ವರ್ಷದಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಕೂಗಿದ್ದು ಅದೇ ಮೊದಲು. ವರ್ಗ ಕೇಳಿದ್ದು ಇದನ್ನು ತಪ್ಪಿಸಲು, ಮನೆ ಮಾಡಿದ್ದು ಇದನ್ನು ತಪ್ಪಿಸಲು, ನನ್ನ ಮಗಳು ಒಂದು ದಿನವೂ ಹೊರಗೆ ಕೂರುವುದಿಲ್ಲ ಎಂದೆ. ಕೆಳಗಿನಿಂದ ಅತ್ತೆ ಮೆಟ್ಟಿಲು ಹತ್ತಿ ಬಂದರು.

"ದೇವ್ರು ಸುಮ್ಕಿರಲ್ಲ ಕಣೇ. ಮಂದೆ ಉಳಿಯಲ್ಲ. ಮುಟ್ಟು ಮೈಲಿಗೆ ಪ್ಯಾಟೆಗೆ ಬಂದ್ರೆ ಕಳೀತೈತಾ?"

ಗಂಡ ತಗಡು ಕೈಯಲ್ಲಿ ಹಿಡಿದೇ ನಿಂತಿದ್ದ. "ಇದನ್ನ ಮೊದ್ಲೇ ಹೇಳ್ಬೇಕಿತ್ತು" ಎಂದ ಮೆಲ್ಲಗೆ. "ನೀನು ಬಸ್ಸು ಅಂದೆ, ಸ್ಕೂಲು ಅಂದೆ. ನನಗೇನು ಕನಸು ಬೀಳ್ತೈತಾ?"

ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ತಗಡುಗಳನ್ನು ನಾನೇ ಎಳೆದು ಮೆಟ್ಟಿಲ ಮೇಲೆ ಜಾರಿಬಿಟ್ಟೆ. ಆ ಸದ್ದಿಗೆ ಕೆಳಗಿನ ಮನೆಯವರು ಹೊರಗೆ ಬಂದರು. ಟೆಂಪೋದವನು ವಾಪಸ್ ಹೋಗುವಾಗ ತಗಡು, ಗಳ ಎಲ್ಲವನ್ನೂ ಹೇರಿ ಹಟ್ಟಿಗೆ ಕಳಿಸಿದೆ. ಬಾಡಿಗೆ ಕೊಡಬೇಕಲ್ಲ ಎಂದ, ಕೊಟ್ಟೆ. ಆಮೇಲೆ ಹಾಲು ಉಕ್ಕಿಸಿದೆವು. ಮಗಳು ಒಂದು ಮೂಲೆಯಲ್ಲಿ ಪುಸ್ತಕದ ರಟ್ಟಿನ ಡಬ್ಬಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳಿಗಾಗಿ ಹೊಡೆದಾಡಿದೆ, ಅವಳಿಗೆ ಗೊತ್ತಾಯಿತು ಎಂದು ನನಗೆ ಸಮಾಧಾನವಾಯಿತು.

ಅತ್ತೆ ಹೋಗಲಿಲ್ಲ. ಕಾಲು ನೋವು, ಬಸ್ಸು ಹತ್ತಲು ಆಗದು ಎಂದು ಉಳಿದರು. ಎಂಟನೆಯ ದಿನ ನಾನು ಮುಟ್ಟಾದೆ.

ಈಗ ಹೇಳುವುದನ್ನು ಬರೆಯಲು ನನಗೆ ಅಸಹ್ಯವಾಗುತ್ತದೆ. ನನಗೆ ಯಾರೂ ಏನೂ ಹೇಳಲಿಲ್ಲ. ಗಂಡ ಸಂತೆಗೆ ಹೋಗಿದ್ದ. ಅತ್ತೆ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಾಲು ತಾನಾಗಿಯೇ ಎದ್ದು ನಡೆಯಿತು. ಒಂದು ಚಾಪೆ ತೆಗೆದುಕೊಂಡೆ, ಒಂದು ತಟ್ಟೆ, ಒಂದು ಲೋಟ. ತಾರಸಿಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ಹಾಸಿಕೊಂಡು ಕೂತೆ. ಮುದುಕಿಯ ಮನಸ್ಸು ಯಾಕೆ ನೋಯಿಸಬೇಕು, ಇನ್ನು ನಾಲ್ಕು ದಿನ ಇದ್ದು ಹೋಗುತ್ತಾರೆ, ಮಗಳದ್ದು ಬೇರೆ ನನ್ನದು ಬೇರೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಮಗಳು ಶಾಲೆಯಿಂದ ಬಂದಳು. ಬ್ಯಾಗು ಹೊತ್ತುಕೊಂಡೇ ಕೆಳಗಿನ ಮೆಟ್ಟಿಲಲ್ಲಿ ನಿಂತು ನನ್ನನ್ನು ನೋಡಿದಳು. ಆಮೇಲೆ ಒಳಗೆ ಹೋದಳು.

ಮರುದಿನ ಭಾನುವಾರ. ಬೆಳಿಗ್ಗೆ ಅವಳು ಎರಡು ಲೋಟ ಟೀ ಹಿಡಿದು ಮೇಲೆ ಬಂದಳು. ದೂರ ಇಟ್ಟು ಹೋಗುತ್ತಾಳೆ ಎಂದುಕೊಂಡೆ. ಅವಳು ಚಾಪೆಯ ಮೇಲೆಯೇ, ನನಗೆ ಅಂಟಿಕೊಂಡು ಕೂತಳು. ಮೊಣಕಾಲಿಗೆ ಮೊಣಕಾಲು ತಾಗಿತು.

"ಮುಟ್ಟಬೇಡ ಲೇ!" ಎಂದೆ.

ನನ್ನ ಬಾಯಿಂದಲೇ ಬಂತು. ಅತ್ತೆಯ ದನಿಯಲ್ಲಿ ಬಂತು. ಅವಳು ಏಳಲಿಲ್ಲ. ಟೀ ಕುಡಿಯುತ್ತಾ ಬಸ್ ಸ್ಟ್ಯಾಂಡ್ ಕಡೆ ನೋಡುತ್ತಾ ಹೇಳಿದಳು:

"ನಂಗೂ ಆಗೈತೆ ಅಮ್ಮ. ಹಟ್ಟಿಲೇ ಆಗಿತ್ತು. ಮೂರು ಸಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವಳು ಪಾಠ ಒಪ್ಪಿಸಿದಂತೆ ಹೇಳುತ್ತಾ ಹೋದಳು. ನನ್ನ ಹಳೆಯ ಸೀರೆ ಹರಿದುಕೊಂಡಳಂತೆ. ಆ ಬಟ್ಟೆಗಳನ್ನು ಕುರಿ ರೊಪ್ಪದ ಗೊಬ್ಬರದೊಳಗೆ ಹೂತಳಂತೆ. ಹೊಟ್ಟೆ ನೋವಿಗೆ ಶಾಲೆಯಲ್ಲಿ ಮಾವಿನಕಾಯಿ ತಿಂದೆ ಎಂದು ಸುಳ್ಳು ಹೇಳಿದಳಂತೆ. "ಅಜ್ಜಿ ದೇವ್ರ ದೀಪ ಹಚ್ಚು ಅಂತು, ಹಚ್ದೆ. ಏನೂ ಆಗ್ಲಿಲ್ಲ. ಅವತ್ತೇ ಎರಡು ಕುರಿ ಮರಿ ಹಾಕಿದ್ವು."

ನಗು ಬರಬೇಕಿತ್ತು. ಬರಲಿಲ್ಲ. ನಾನು ವರ್ಗದ ಅರ್ಜಿ ಹಿಡಿದು ಓಡಾಡುತ್ತಿದ್ದಾಗ, ಹನ್ನೊಂದು ಮನೆ ನೋಡುತ್ತಿದ್ದಾಗ, ಅವಳನ್ನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದಾಗ, ಅವಳು ನನ್ನ ಪಕ್ಕದಲ್ಲೇ ಮಲಗಿ ತನ್ನನ್ನು ತಾನೇ ಉಳಿಸಿಕೊಂಡಿದ್ದಳು.

"ನಂಗಾದ್ರೂ ಹೇಳ್ಬಾರ್ದಿತ್ತೇನೇ?" ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಹೇಳಿದ್ರೆ ನೀನು ಗುಡ್ಲು ಗುಡಿಸ್ತಿದ್ದೆ" ಎಂದಳು.

ಹೌದು, ಗುಡಿಸುತ್ತಿದ್ದೆ. ಸಗಣಿ ಸಾರಿಸಿ, ಹೊಸ ಚಾಪೆ ಹಾಸಿ, ಕೈಗೆ ಟಾರ್ಚ್ ಕೊಟ್ಟು, ಬಾಗಿಲಲ್ಲಿ ಕೂತು ಕಾವಲು ಕಾಯುತ್ತಿದ್ದೆ. ಇಷ್ಟು ಒಳ್ಳೆಯ ತಾಯಿ ಈ ಹಟ್ಟಿಯಲ್ಲಿ ಇನ್ನೊಬ್ಬಳಿಲ್ಲ ಎಂದುಕೊಂಡು ಅತ್ತು ಹಗುರಾಗುತ್ತಿದ್ದೆ. ಆದರೆ ಅವಳನ್ನು ಒಳಗೆ ಕಳಿಸದೆ ಇರುತ್ತಿರಲಿಲ್ಲ.

ಎದ್ದೆ. ಚಾಪೆ ಸುತ್ತಿಕೊಂಡು ಕೆಳಗೆ ಹೋದೆ. ಅಡುಗೆಮನೆಗೆ ನುಗ್ಗಿ ಕೈ ತೊಳೆದು ಅಕ್ಕಿ ಹಾಕಿದೆ. "ನಾನು ಮುಟ್ಟಾಗಿದ್ದೀನಿ, ಅನ್ನಕ್ಕೆ ಇಟ್ಟಿದ್ದೀನಿ" ಎಂದು ಅತ್ತೆಗೆ ಕೇಳುವಂತೆ ಹೇಳಿದೆ. ಅವರ ಕಾಲು ನೋವು ಆ ಕ್ಷಣವೇ ವಾಸಿಯಾಯಿತು. ಚೀಲ ಹಿಡಿದು ಹನ್ನೊಂದರ ಹೊಸದುರ್ಗ ಬಸ್ಸಿಗೆ ಹೋದರು. ಸಂಜೆ ಗಂಡ ಬಂದ. ವಿಷಯವೆಲ್ಲ ಹೇಳಿದೆ, ಮಗಳದ್ದೂ ಹೇಳಿದೆ. ನಾನು ಬೇಯಿಸಿದ ಅನ್ನವನ್ನೇ ತಟ್ಟೆಗೆ ಹಾಕಿಸಿಕೊಂಡು ಉಂಡ.

ಇದೆಲ್ಲ ಆಗಿ ಒಂದು ವರ್ಷವಾಯಿತು. ಅತ್ತೆಯ ಮೇಲಿನ ಸಿಟ್ಟು ಅರ್ಧ ಇಳಿದಿದೆ, ಗಂಡನ ಮೇಲಿನದು ಅದಕ್ಕಿಂತ ಹೆಚ್ಚು ಇಳಿದಿದೆ. ಇಳಿಯದೆ ಉಳಿದಿರುವುದು ನನ್ನ ಮೇಲಿನದು. ಹಟ್ಟಿಗೆ ಹೆದರಿ ಮಗಳು ಸುಳ್ಳು ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಆ ಮೂರು ತಿಂಗಳು ಅವಳು ನನಗೆ ಹೆದರಿಕೊಂಡು ಬದುಕಿದ್ದಳು.