ತೊಗರಿಯಲ್ಲಿ ಇಳಿದ ಚಿಟ್ಟೆ

ಒಂದು ಚಿಟ್ಟೆಗಾಗಿ ನಾನು ತೆತ್ತದ್ದು ತೊಗರಿಗೆ ಔಷಧ ಹೊಡೆಯುವ ಒಂದು ಇಡೀ ಬೆಳಗು. ಅದರ ಬೆನ್ನಿಗೆ ಜೋಳದ ಕಾಳಿನಷ್ಟು ರೇಡಿಯೊ ಅಂಟಿಸಿದ್ದರು.

ವಲಸೆ ಚಿಟ್ಟೆಗಳ ದಾರಿ ಹುಡುಕುವ ಮೇಡಂ ಆ ರೇಡಿಯೊದ ಸಂಕೇತ ಕೇಳುವ ಆಂಟೆನಾ ಹಿಡಿದು ಮೋರಟಗಿಯ ನಮ್ಮ ಹೊಲಕ್ಕೆ ಬಂದರು. ಯಾರು ಏನೇ ಕೇಳಲಿ, ಮೊದಲು ಬೆರಳೆತ್ತಿ "ತಡೀರಿ" ಅನ್ನುವುದು ಅವರ ರೂಢಿ.

"ಟಿವಿ ಹತ್ತವಲ್ದೇನ್ರಿ?" ಎಂದೆ.

"ತಡೀರಿ ಕಾಕಾ. ನಿಮ್ಮ ತೊಗರ್ಯಾಗ ಚಿಟ್ಟಿ ಕುಂತೈತಿ. ಬಿಸಲೇರಿದ ಮ್ಯಾಲ ಹಾರತೈತಿ. ಈಗ ಔಷಧ ಹೊಡದ್ರ ಸಾಯ್ತೈತಿ."

"ಅರ್ಧಾ ಹೊಲಕ್ಕ ಹೊಡಿತೇನಿ, ಅರ್ಧಾ ನಿಮಗ ಬಿಡ್ತೇನಿ."

"ಗಾಳಿ ಅರ್ಧಕ್ಕ ನಿಂದರತೈತೇನ್ರಿ?"

ಚೌಕಾಸಿಯಲ್ಲಿ ನಾನು ಸೋಲುವುದು ಅಪರೂಪ. ಅಂದು ಸೋತು ಔಷಧದ ಪಂಪು ಕೆಳಗಿಟ್ಟೆ. ಬಿಸಿಲೇರಿತು, ಚಿಟ್ಟೆ ಮುದ್ದೇಬಿಹಾಳದ ದಿಕ್ಕಿಗೆ ಹೊರಟಿತು. ಮೇಡಂ ಚಪ್ಪಲಿ ಬಿಟ್ಟು ಮಣ್ಣಿನ ಹೆಂಟೆಗಳ ಮೇಲೆ ಅದರ ಹಿಂದೆ ಓಡಿದರು.

ನೀವೂ ಔಷಧ ಕಲಸುವ ಮುನ್ನ ಒಮ್ಮೆ ಬದುವಿನುದ್ದಕ್ಕೂ ನಡೆದು ನೋಡಿ. ಚಿಟ್ಟೆಗಳು ಗುಂಪಾಗಿ ಇಳಿದಿದ್ದರೆ ಒಂದು ದಿನ ಬಿಡಿ. ಕಾಯಿಕೊರಕ ಹುಳು ನಾಳೆಯೂ ಅಲ್ಲೇ ಇರುತ್ತದೆ, ಅವು ಇರುವುದಿಲ್ಲ.