ಬ್ರಷ್ಷಣ್ಣನ ಹಳದಿ

ನಮ್ಮ ಕೆಂಬಾವುಟದ ಮೆರವಣಿಗೆಗಳ ಬ್ಯಾನರುಗಳನ್ನೆಲ್ಲ ಬರೆದವನು ಬ್ರಷ್ಷಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಪೊಲೀಸರಿಗಷ್ಟೇ ಗೊತ್ತು. ಘೋಷಣೆ ಬರೆದುಕೊಟ್ಟವರ ಕಾಗುಣಿತ ತಪ್ಪಿದ್ದರೆ ಮೊದಲು ಅವರ ಜನ್ಮ ಜಾಲಾಡುತ್ತಿದ್ದ, ಆಮೇಲೆ ಬ್ರಷ್ ಎತ್ತುತ್ತಿದ್ದ. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುವ ಕೆಲಸ. ಪ್ಲಾಸ್ಟಿಕ್ ಬೋರ್ಡುಗಳು ಬಂದು ಅದೂ ಕಡಿಮೆಯಾದಾಗ ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನತೊಡಗಿದ. ಕಾಟ ತಾಳಲಾರದೆ ಮಗಳು ದೊಡ್ಡದೊಂದು ಪೆಟ್ಟಿಗೆ ತಂದು ಅವನ ಮುಂದಿಟ್ಟಳು. ಒಳಗೆ ಮರದ ಪಟ್ಟಿಗಳು, ದಾರದ ಉಂಡೆಗಳು, ಹಿತ್ತಾಳೆಯ ಪುಟಾಣಿ ಫಿರಂಗಿಗಳು, ಒಂದು ನಕ್ಷೆ. ಸರಿಯಾಗಿ ಜೋಡಿಸಿದರೆ ಸ್ಪೇನ್ ದೇಶದ ಹಳೇ ಕಾಲದ ಮೂರಂತಸ್ತಿನ ಯುದ್ಧನೌಕೆಯ ಮಾದರಿ.

"ಅಲ್ಲಯ್ಯ, ರಾಜನ ಹಡಗು ಕಟ್ತಾ ಕೂತಿದ್ದೀಯಲ್ಲ, ನಾಚಿಕೆ ಆಗಲ್ವ?" ಎಂದು ಕೆಣಕಿದೆ.

"ರಾಜ ಒಂದು ಮೊಳೆ ಹೊಡೆದಿದ್ನಾ? ಕಟ್ಟಿದೋರು ಬಡಗಿಗಳು. ಸುಮ್ನೆ ಆ ತುದಿ ಹಿಡ್ಕೋ."

ಹಿಡಿದುಕೊಂಡೆ. ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಹಡಗಿನ ಪಕ್ಕೆಲುಬುಗಳ ಮೇಲೆ ಬಗ್ಗಿಸಿ ಅಂಟಿಸಿ, ಒಣಗುವವರೆಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಬೇಕು. ಮನೆಯ ಕ್ಲಿಪ್ಪುಗಳೆಲ್ಲ ಹಡಗಿನ ಪಾಲಾದವು. ಅವನ ಹೆಂಡತಿಯನ್ನು ನಾನು ಅತ್ತಿಗೆ ಅನ್ನುವುದು. ಅವರು ಒಗೆದು ಹರವಿದ್ದೆಲ್ಲ ಗಾಳಿಗೆ ಹಾರಿ ಪಕ್ಕದವರ ತಾರಸಿ ಸೇರಿತು.

"ನಿಮ್ಮ ಹಡಗು ಸಮುದ್ರ ಸೇರೋದು ಯಾವಾಗ್ಲೋ! ನನ್ನ ದಿಂಬಿನ ಕವರ್ ಆಗ್ಲೇ ಹೊರಟುಹೋಯ್ತು."

ವರ್ಷಗಟ್ಟಲೆ ಹಿಡಿದ ಕೆಲಸ. ಒಡಲು ಮುಗಿದು ಬಣ್ಣ ಬಳಿಯುವ ಹೊತ್ತಿಗೆ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಚಹಾ ಸೋಸುವ ಬಟ್ಟೆಯೊಳಗಿಂದ ಲೋಕ ನೋಡಿದ ಹಾಗೆ. ಬಿಳಿಯೂ ಅವನಿಗೆ ಹಳದಿಯೇ. ಹಡಗಿಗೆ ಕಪ್ಪು, ಹಳದಿ ಪಟ್ಟೆಗಳು ಬರಬೇಕು. ಡಬ್ಬಿಗಳ ಮೇಲಿನ ಚೀಟಿಗಳು ಬಣ್ಣ ಸುರಿದು ಯಾವತ್ತೋ ಮುಚ್ಚಿಹೋಗಿದ್ದವು. ಪೆಟ್ಟಿಗೆ ಮೇಲಿನ ಚಿತ್ರ ನೋಡಪ್ಪಾ ಎಂದು ಮಗಳು ಹೇಳಿದರೆ ಉರಿದುಬಿದ್ದ.

"ಚಿತ್ರ ನೋಡಿ ಬಣ್ಣ ಕಲಸೋದು ಕಲಿಯೋರು. ಹಳದಿ ನನ್ನ ತಲೇಲಿದೆ."

ತಲೆಯಲ್ಲಿ ಹಳದಿ ಇತ್ತು. ಹಡಗಿಗೆ ಬಿದ್ದದ್ದು ಹಾಲುಬಿಳಿ.

"ಇದು ಬಿಳಿ ಕಣಯ್ಯ," ಎಂದೆ ನಾನು.

"ನಿನಗೆ ಕೆಂಪು ಬಿಟ್ಟು ಬೇರೆ ಬಣ್ಣ ಯಾವತ್ತು ಗೊತ್ತಿತ್ತು?"

ಅಡುಗೆಮನೆ ಬಾಗಿಲಲ್ಲಿ ನಿಂತ ಅತ್ತಿಗೆ ಕಣ್ಣು ಕೆಕ್ಕರಿಸಿದರು. ಬಾಯಿ ಮುಚ್ಚಿಕೊಂಡೆ. ಹೊರಡುವಾಗ ಮೆಟ್ಟಿಲವರೆಗೂ ಬಂದು ಹೇಳಿದರು: "ಬೋರ್ಡ್ ಕೆಲಸ ಹೋಯ್ತು, ಸಹಿಸ್ಕೊಂಡ್ರು. ಬಣ್ಣವೇ ತಪ್ಪಿದೆ ಅಂತ ಗೊತ್ತಾದ್ರೆ ಇನ್ನು ಬ್ರಷ್ ಮುಟ್ಟಲ್ಲ. ಆಮೇಲೆ ಆ ಮನುಷ್ಯನ್ನ ಏನು ಹಿಡ್ಕೊಂಡು ಬದುಕಿಸ್ಲಿ, ಹೇಳಿ?"

ಪೊರೆ ಅಂದರೆ ಕಾಪಾಡು ಅಂತಲೂ ಅರ್ಥ. ಆ ಮನೆಯಲ್ಲಿ ಎರಡೂ ನಡೆದಿತ್ತು.

ಆಪರೇಷನ್ ಎಂದರೆ ಮಾತ್ರ ಬ್ರಷ್ಷಣ್ಣ ಕೋಣೆ ಸೇರಿಬಿಡುತ್ತಿದ್ದ. ಪೊಲೀಸರ ದೊಣ್ಣೆಗೆ ಬೆನ್ನು ಕೊಟ್ಟವನು ನೀನು, ಇದಕ್ಕೆ ಹೆದರ್ತೀಯಾ ಅಂದರೆ, "ದೊಣ್ಣೆ ಬರೋದು ಕಾಣುತ್ತೆ, ತಪ್ಪಿಸ್ಕೋಬಹುದು. ಇದು ಕಾಣೋ ಕಣ್ಣಿಗೇ ಬರುತ್ತಲ್ಲ!" ಎನ್ನುತ್ತಿದ್ದ.

ಹಾಯಿ ಏರಿತು. ಸೂಜಿಗೆ ದಾರ ಪೋಣಿಸಿಕೊಟ್ಟವರು ಅತ್ತಿಗೆ. ಕೊನೆಗೆ ಉಳಿದದ್ದು ಹಿಂಬದಿಯಲ್ಲಿ ಹಡಗಿನ ಹೆಸರು, ಸಾಸಿವೆ ಗಾತ್ರದ ಅಕ್ಷರಗಳಲ್ಲಿ. ಆಳೆತ್ತರದ ಅಕ್ಷರ ಬರೆದ ಕೈ. ಬ್ರಷ್ಷಿನ ತುದಿ ಹಲಗೆ ಬಿಟ್ಟು ಗಾಳಿಯಲ್ಲಿ ಬರೆಯುತ್ತಿತ್ತು. ಬ್ರಷ್ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದ: "ನಾಳೆ ಡಾಕ್ಟರ ಹತ್ರ ಹೋಗೋಣ."

ಅದಕ್ಕಾಗಿ ಬೇಡಿಕೊಂಡಿದ್ದ ತಾಯಿ ಮಗಳಿಗೆ ಈಗ ಬೇರೆಯೇ ಚಿಂತೆ ಹತ್ತಿತು. ಕಣ್ಣು ಬಂದರೆ ಬಿಳಿಯೂ ಕಾಣುತ್ತದಲ್ಲ!

"ಅಪ್ಪ ಆಸ್ಪತ್ರೇಲಿ ಇರೋವಾಗ ನಾವೇ ಹಳದಿ ಬಳಿದುಬಿಡೋಣಮ್ಮ," ಎಂದಳು ಮಗಳು.

"ಮುಟ್ಟೀಯ ಜೋಕೆ! ಬಿಳಿಯೋ ಹಳದಿಯೋ, ಅದು ಅವರ ಕೈಯದ್ದು."

ಮೊದಲು ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹಡಗಿನ ಮುಂದೆ ನಿಂತ.

"ಇದ್ಯಾರ ಮದುವೆ ಕೇಕು?"

ಬಲಗಣ್ಣು ಮುಚ್ಚಿದ, ನೋಡಿದ. ಎಡಗಣ್ಣು ಮುಚ್ಚಿದ, ನೋಡಿದ. ಮತ್ತೆ ಬಲ, ಮತ್ತೆ ಎಡ.

"ಎಲ್ರಿಗೂ ಗೊತ್ತಿತ್ತಾ?"

"ಗೊತ್ತಿತ್ತು," ಎಂದರು ಅತ್ತಿಗೆ.

ಸರ್ರನೆ ಬೀದಿಗಿಳಿದ. ನಾನು ಹಿಂದೆ ಓಡಿದೆ. ಕಣ್ಣಿಗೆ ಪೊರೆ ಬಂದ ಮೇಲೆ ಬರೆದ ಒಂದೇ ಬೋರ್ಡೆಂದರೆ ಮೂಲೆಯ ಬೇಕರಿಯದು. ನೀಲಿ ಹಲಗೆಯ ಮೇಲೆ ಸುಣ್ಣದಂಥ ಅಕ್ಷರಗಳು.

"ಹಳದಿ ಕೇಳಿದ್ದೆ, ಬಿಳಿ ಬಂತು," ಎಂದ ಬೇಕರಿಯವನು ನಗುತ್ತ. "ಇರ್ಲಿ ಬಿಡಿ ಅಣ್ಣ. ಜನ ವಾಸನೆ ಹಿಡ್ಕೊಂಡು ಬರ್ತಾರೆ."

"ನಿನ್ನ ಕರುಣೆಗೆ ಬೆಂಕಿ ಹಾಕ! ಏಣಿ ಎಲ್ಲಿ?"

"ಏಣಿ ಹತ್ತಬಾರದು ಅಂದಿದ್ದಾರೆ ಡಾಕ್ಟರು," ಎಂದು ತೋಳು ಹಿಡಿದೆ. ಕೊಡವಿಕೊಂಡ. ಆದರೆ ಮನೆಯ ಕಡೆ ತಿರುಗಿದ.

ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ, ಒಂದೊಂದನ್ನೇ ಮೀಟಿ ತೆಗೆದು ನೋಡಿದ. ಹಳದಿಗೆ ಹನಿ ಕೆಂಪು ಬೆರೆಸಿದ. ಎಡಗಣ್ಣು ಬಿಗಿಯಾಗಿ ಮುಚ್ಚಿ, ಹಡಗಿನ ಕೆಳಗಿನ ಪಟ್ಟೆಯ ಮೇಲೆ ಬ್ರಷ್ ಎಳೆದ. ಕೈ ಅಲುಗಲಿಲ್ಲ. ಪಟ್ಟೆ ಮುಗಿಸಿ ಎಡಗಣ್ಣು ತೆರೆದು, ಬಲಗಣ್ಣು ಮುಚ್ಚಿ ನೋಡಿದ.

"ಥೂ, ಕೆಸರು! ಲೇ ಮಗಳೇ, ಈ ದರಿದ್ರ ಕಣ್ಣಿಗೆ ಯಾವತ್ತು ಬರೋಕೆ ಹೇಳಿದ್ದಾರೆ? ಇನ್ನೂ ಬೇಗ ಆಗುತ್ತಾ ಕೇಳು."

ಮಗಳು ಫೋನ್ ಹುಡುಕಲು ಹೋದಳು. ಅತ್ತಿಗೆ ಮೇಜಿನ ದೀಪವನ್ನು ಎರಡನೇ ಪಟ್ಟೆಯ ಕಡೆಗೆ ಸರಿಸಿದರು.